ನಾಲ್ಕನೆಯ ಗಡ್ಡೆಯ ಜಾಗ

ಗಡ್ಡೆಗಳನ್ನು ಎರಡು ಪಾಲು ಮಾಡುವ ಕೆಲಸವನ್ನು ನಾನು ಬೇರೆ ಯಾರಿಗೂ ಬಿಡಲಿಲ್ಲ. ಸಂಭಾಜಿನಗರದಿಂದ ಹೊರಟು ಶೇಂದ್ರಾ ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಬೀಜದ ಕಂಪನಿಯ ಹೊಲ, ಹೊಲದ ಮೂಲೆಗೆ ಒಂದು ತಗಡಿನ ಶೆಡ್ಡು. ಹೋದ ವರ್ಷ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿ ಕುಳಿತು, ಒಂದು ಗಡ್ಡೆ ಈ ಬುಟ್ಟಿಗೆ, ಒಂದು ಗಡ್ಡೆ ಆ ಬುಟ್ಟಿಗೆ ಹಾಕುತ್ತ ಹೋದೆ. ಕೈ ನ್ಯಾಯವಾಗಿಯೇ ನಡೆದಿತ್ತು. ಆ ಬುಟ್ಟಿಗೆ ಬೀಳುವ ಒಂದೊಂದು ಗಡ್ಡೆಗೂ ಹೊಟ್ಟೆ ಮಾತ್ರ ಉರಿಯುತ್ತಿತ್ತು.

ನನ್ನದು ಈರುಳ್ಳಿ ಬೀಜ ಮಾಡುವ ಕೆಲಸ. ತಿನ್ನುವ ಈರುಳ್ಳಿ ಬೆಳೆಯುವವರು ಬೇರೆ. ಅವರಿಗೆ ಬಿತ್ತಲು ಬೀಜ ಬೇಕಲ್ಲ, ಅದಕ್ಕಾಗಿ ನಾವು ಗಡ್ಡೆಯನ್ನೇ ಮರಳಿ ನೆಲಕ್ಕೆ ಹಾಕುತ್ತೇವೆ. ಅದು ದಂಟು ಕಳಿಸಿ, ದಂಟಿನ ತುದಿಗೆ ಬಿಳಿ ಹೂವಿನ ಚೆಂಡು ಬಿಡುತ್ತದೆ. ಅದಕ್ಕೆ ಇಲ್ಲಿ ಗೊಂಡೆ ಎನ್ನುತ್ತಾರೆ. ಒಂದು ಗೊಂಡೆಯಲ್ಲಿ ನೂರಾರು ಪುಟ್ಟ ಹೂ, ಒಂದು ಹೂವಿಗೆ ಒಂದು ಕಾಯಿ, ಎಲ್ಲ ನೆಟ್ಟಗಾದರೆ ಒಂದು ಕಾಯಿಯಲ್ಲಿ ಆರು ಕಪ್ಪು ಬೀಜ. ಆರು ಎಂಬುದು ನನ್ನ ವೃತ್ತಿಯ ದೇವರ ಸಂಖ್ಯೆ.

ಆ ಬುಟ್ಟಿಗಳಲ್ಲಿದ್ದ ತಳಿ ನನ್ನದು. ಎಂಟು ವರ್ಷಗಳ ಹಿಂದೆ ಮಳೆಗಾಲದ ಕೊನೆಗೆ ಪಿಂಪಳಗಾಂವ್ ಬಸವಂತ್ ಮಾರುಕಟ್ಟೆಗೆ ಹೋಗಿದ್ದಾಗ, ಮೊಳಕೆಯೊಡೆದು ಕೊಳೆಯುತ್ತಿದ್ದ ಒಂದು ರಾಶಿಯ ಅಡಿಯಲ್ಲಿ ಹತ್ತೆಂಟು ಗಡ್ಡೆಗಳು ಗಟ್ಟಿಯಾಗಿ, ಬಾಯಿ ಬಿಗಿದುಕೊಂಡು ಕುಳಿತಿದ್ದವು. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಅಲ್ಲಿಂದ ಇಲ್ಲಿಯವರೆಗೆ ಆರಿಸಿದ್ದು, ಕಿತ್ತು ಎಸೆದದ್ದು, ಮತ್ತೆ ಆರಿಸಿದ್ದು ಎಲ್ಲ ನಾನೇ. ಈಗ ನಾಸಿಕ್‌ನಲ್ಲಿ ಕುಳಿತ ದೊಡ್ಡ ಸಾಹೇಬರು ಅರ್ಧ ಗಡ್ಡೆಗಳನ್ನು ಪಿಂಪಳಗಾಂವ್‌ನ ಪ್ಲಾಟಿಗೆ ಕೊಡಬೇಕೆಂದು ಹೇಳಿದ್ದರು. ಎರಡು ಕಡೆ ಬೆಳೆದು ನೋಡೋಣ, ಯಾವ ನೆಲದಲ್ಲಿ ಚೆನ್ನಾಗಿ ಬೀಜ ಕಟ್ಟುತ್ತದೋ ತಳಿ ಇನ್ನು ಮುಂದೆ ಅಲ್ಲಿಯೇ ಇರಲಿ ಎಂಬುದು ಅವರ ನಿರ್ಧಾರ.

ಪಿಂಪಳಗಾಂವ್ ಪ್ಲಾಟು ನೋಡಿಕೊಳ್ಳುವವಳು ನಮ್ಮ ಹಾವೇರಿ ಕಡೆಯವಳು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಮದುವೆಯಾಗಿ ಈ ಕಡೆ ಬಂದು, ನಮ್ಮ ಕಂಪನಿ ಸೇರಿ ಎರಡೇ ವರ್ಷ. ಬಂದ ವರ್ಷವೇ ಗಜ್ಜರಿ, ಅಂದರೆ ಕ್ಯಾರೆಟ್ ಬೀಜದಲ್ಲಿ ಹೆಸರು ಮಾಡಿದ್ದಳು. ಮೀಟಿಂಗಿನಲ್ಲಿ ಸಾಹೇಬರು ಅವಳ ನೋಟ್‌ಬುಕ್ಕನ್ನು ಎತ್ತಿ ಎಲ್ಲರಿಗೂ ತೋರಿಸಿದ್ದರು. ನನ್ನ ಹದಿನೆಂಟು ವರ್ಷದ ನೋಟ್‌ಬುಕ್ಕುಗಳನ್ನು ಅವರು ಯಾರಿಗೂ ತೋರಿಸಿದ್ದಿಲ್ಲ. ಸಾಲದ್ದಕ್ಕೆ ಅವಳು ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು. ಅಣ್ಣ ಅನ್ನಿಸಿಕೊಂಡವನು ಹೊಟ್ಟೆಕಿಚ್ಚು ಪಡುವುದು ಇನ್ನೂ ಕಷ್ಟದ ಕೆಲಸ.

ಗಡ್ಡೆ ಒಯ್ಯಲು ಅವಳೇ ಟೆಂಪೋ ತೆಗೆದುಕೊಂಡು ಬಂದಳು. ಬುಟ್ಟಿ ಏರಿಸುವಾಗ ಒಂದು ಗಡ್ಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದಳು.

"ಅಣ್ಣಾರ, ಈ ಗಡ್ಡಿಗೆ ಏನರ ಬ್ಯಾರೆ ಪಥ್ಯ ಐತೇನ್ರಿ? ನಿಮಗಷ್ಟು ಗೊತ್ತಿದ್ದವರು ಯಾರೂ ಇಲ್ಲ."

"ಏನೂ ಇಲ್ಲ," ಎಂದೆ. "ಎಲ್ಲಾರೂ ಮಾಡಿದಂಗ ಮಾಡ್ರಿ."

ಆ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಬೀಜಕ್ಕೆಂದು ಗಡ್ಡೆ ನೆಡುವಾಗ ಎಲ್ಲರೂ ಅದರ ತಲೆಯ ಮೂರನೇ ಒಂದು ಪಾಲನ್ನು ಕುಡಗೋಲಿನಿಂದ ಕತ್ತರಿಸಿ ನೆಡುತ್ತಾರೆ. ಮೊಳಕೆ ಬೇಗ ಬರುತ್ತದೆ, ಎಲ್ಲ ಒಂದೇ ಸಲಕ್ಕೆ ಏಳುತ್ತವೆ. ನನ್ನ ತಳಿಗೆ ಅದು ಆಗದು. ಅದರ ಒಳಸಿಪ್ಪೆ ಬಿಗಿ. ಕತ್ತರಿಸಿದ ಗಾಯ ಒಣಗುವುದಿಲ್ಲ, ನೆಲದಲ್ಲಿ ತೇವ ಸಿಕ್ಕರೆ ಒಳಗಿನಿಂದ ಕೊಳೆಯುತ್ತದೆ. ಹಾಗೆ ಕಳೆದುಕೊಂಡು ಕಳೆದುಕೊಂಡು ನಾನು ಕಲಿತದ್ದು ಅದು. ಇಡಿಯಾಗಿಯೇ ನೆಡಬೇಕೆಂಬುದು ನನ್ನ ನೋಟ್‌ಬುಕ್ಕಿನಲ್ಲಿತ್ತು, ನನ್ನ ಬಾಯಿಂದ ಬರಲಿಲ್ಲ. ಶೆಡ್ಡಿನಲ್ಲಿದ್ದ ಮಾವಶಿ, ಆರಂಭದಿಂದಲೂ ಈ ತಳಿಯನ್ನು ನನ್ನ ಜತೆ ನೆಟ್ಟವರು, ನಮ್ಮ ಮಾತು ಕೇಳುತ್ತಲೇ ಇದ್ದರು. ಮಾವಶಿ ಎಂದರೆ ಚಿಕ್ಕಮ್ಮ, ಹೊಲಕ್ಕೆ ಬರುವ ಹಿರಿಯ ಹೆಂಗಸರನ್ನು ಇಲ್ಲಿ ಹಾಗೆ ಕರೆಯುವುದು. ಅವರದು ಮರಾಠಿ, ಕನ್ನಡ ಬಾರದು. ಅದು ಅಂದು ನನಗೆ ಅನುಕೂಲವಾಯಿತು.

ದೀಪಾವಳಿ ಕಳೆದು ಮೂರು ವಾರಕ್ಕೆ ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಪಿಂಪಳಗಾಂವ್‌ನ ಫೋಟೋ ಬಂತು. ಅಕಾಲದ ಒಂದು ಮಳೆ ಬಿದ್ದಿತ್ತು. ಸಾಲುಗಳಲ್ಲಿ ಹಲ್ಲು ಬಿದ್ದಂತೆ ಅಲ್ಲಲ್ಲಿ ಖಾಲಿ. ನಾಲ್ಕಕ್ಕೆ ಒಂದು ಗಡ್ಡೆ ಕೊಳೆತಿದೆ ಎಂದು ಅವಳೇ ಬರೆದಿದ್ದಳು. ಅದರ ಕೆಳಗೆ ನಾನು ನನ್ನ ಹೊಲದ ಫೋಟೋ ಹಾಕಿದೆ. ಒಂದೂ ತಪ್ಪದೆ ಎದ್ದ ಹಸಿರು ಸಾಲು, ಬುಡದಲ್ಲಿ ಇಡೀ ಗಡ್ಡೆಗಳು. ಆ ವಾರ ನನಗೆ ಊಟ ರುಚಿಸಿತು. ಹೆಂಡತಿ ತಟ್ಟೆಗೆ ರೊಟ್ಟಿ ಹಾಕುತ್ತ, "ಏನ್ರಿ, ದಿನಾ ಎರಡು ರೊಟ್ಟಿ ಹೆಚ್ಚಿಗಿ ತಿನ್ನಾಕತ್ತೀರಿ, ಪ್ರಮೋಶನ್ ಬಂತೇನು?" ಎಂದಳು. ಹವಾ ಚೆನ್ನಾಗಿದೆ ಎಂದೆ.

ಡಿಸೆಂಬರ್, ಜನವರಿ ಪೂರ್ತಿ ನಾನು ಹೊಲವನ್ನು ಕನ್ನಡಿ ಮಾಡಿದೆ. ಬೀಜದ ಹೊಲದಲ್ಲಿ ಸ್ವಚ್ಛತೆ ನಮ್ಮ ಕಸುಬಿನ ಮಡಿ. ಸುತ್ತ ಒಂದು ಕಿಲೋಮೀಟರ್ ದೂರದವರೆಗೆ ಬೇರೆ ಈರುಳ್ಳಿ ಹೂ ಇರಬಾರದು, ಕುಲಗೆಟ್ಟ ಗಿಡ ಕಂಡರೆ ಕೀಳಬೇಕು, ಕಳೆ ಇರಬಾರದು. ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಈರುಳ್ಳಿ ಹೂ ಜೇನುಹುಳಕ್ಕೆ ಅಷ್ಟೇನೂ ಇಷ್ಟವಲ್ಲ, ಪಕ್ಕದಲ್ಲಿ ಬೇರೆ ಹೂವಿದ್ದರೆ ಅತ್ತ ಹೋಗುತ್ತದೆ. ಬೇರೆ ಹೂವೇ ಇಲ್ಲದಂತೆ ಮಾಡಿದರೆ ಬಾರದೆ ಎಲ್ಲಿಗೆ ಹೋದೀತು ಎಂದು ಲೆಕ್ಕ ಹಾಕಿದೆ. ಬದುಗಳ ಮೇಲೆ ಟ್ರ್ಯಾಕ್ಟರ್ ಓಡಿಸಿ ತುಂಬೆ, ಕರಿಕೆ, ಹೆಸರಿಲ್ಲದ ಹಳದಿ ಹೂವಿನ ಗಿಡ ಎಲ್ಲ ನೆಲಸಮ ಮಾಡಿಸಿದೆ. ಹನಿ ನೀರಾವರಿಯ ಪೈಪುಗಳನ್ನು ಒಂದೊಂದಾಗಿ ತಪಾಸಣೆ ಮಾಡಿ, ಸೋರುವ ಜೋಡಣೆ ಬಿಗಿಸಿದೆ. ಗಡ್ಡೆಯ ಬುಡ ಬಿಟ್ಟು ಬೇರೆಲ್ಲಿಯೂ ಒಂದು ಹನಿ ಬೀಳುತ್ತಿರಲಿಲ್ಲ.

ಮಾವಶಿ ಬದು ನೋಡಿ ಕೇಳಿದರು. "ಸಾಹೇಬ, ಬಾಂಧ್ ಇತಕಾ ಗುಳಗುಳೀತ್ ಕಶಾಲಾ?" ಬದುವನ್ನು ಇಷ್ಟು ನುಣ್ಣಗೆ ಮಾಡುವುದು ಯಾತಕ್ಕೆ ಎಂದು. ನಾಸಿಕ್‌ನಿಂದ ಸಾಹೇಬರು ನೋಡಲು ಬರುತ್ತಾರೆ ಎಂದೆ.

ಫೆಬ್ರವರಿಗೆ ಗೊಂಡೆಗಳು ಅರಳಿದವು. ಹತ್ತರಲ್ಲಿ ಒಂದು ಹೂ ಬಿರಿಯುವಷ್ಟರಲ್ಲಿ ಜೇನುಪೆಟ್ಟಿಗೆಯವರಿಗೆ ಹೇಳಿ ಬಾಡಿಗೆಗೆ ಹತ್ತು ಪೆಟ್ಟಿಗೆ ತರಿಸಿದೆ. ಈರುಳ್ಳಿ ಹೂವಿನ ಒಂದು ಸ್ವಭಾವವಿದೆ. ಅದರ ಪರಾಗ ಮೊದಲು ಉದುರಿ ಹೋಗುತ್ತದೆ, ಆಮೇಲೆ ಪರಾಗ ಹಿಡಿಯುವ ಅದರ ಶಲಾಕೆ ಸಿದ್ಧವಾಗುತ್ತದೆ. ತನ್ನ ಪರಾಗ ತನಗೆ ಒದಗುವುದಿಲ್ಲ, ಬೇರೆ ಹೂವಿನದನ್ನು ಯಾರಾದರೂ ತಂದುಕೊಡಬೇಕು. ಆ ಯಾರಾದರೂ ಬರಲಿ ಎಂದು ನಾನು ಬೆಳಗ್ಗೆ ಎಂಟಕ್ಕೆ ಹೊಲದಲ್ಲಿ ನಿಂತೆ.

ಹುಳಗಳು ಪೆಟ್ಟಿಗೆಯಿಂದ ಹೊರಬಂದವು, ಒಂದು ಸುತ್ತು ಹಾಕಿದವು, ನನ್ನ ತಲೆಯ ಮೇಲಿಂದ ರಸ್ತೆ ದಾಟಿ ಹೋದವು. ರಸ್ತೆಯಾಚೆ ಯಾರದೋ ದಾಳಿಂಬೆ ತೋಟ, ತೋಟದ ಬಳಿ ಒಂದು ಸಣ್ಣ ಕೃಷಿಹೊಂಡ. ಅಲ್ಲಿ ಹೂವೂ ಇತ್ತು, ನೀರೂ ಇತ್ತು. ನನ್ನ ಹೊಲದಲ್ಲಿ ಎರಡು ದಿನ ಹುಡುಕಿದರೂ ಹುಳವೊಂದು ಬಾಯಿ ತೇವ ಮಾಡಿಕೊಳ್ಳುವಷ್ಟು ಕೆಸರು ಸಿಗುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಗಾಳಿಗೆ ಹೂವಿನ ಮಕರಂದ ಅಂಟಾಗಿ ಒಣಗುತ್ತಿತ್ತು.

ಮೊದಲು ಅರಳಿದ ಗೊಂಡೆಗಳ ಹೂ ಬಾಡಿ ಒಂದು ವಾರವಾದಾಗ ಕಾಯಿಗಳನ್ನು ಸೂಜಿಯಿಂದ ಸೀಳಿ ನೋಡಿದೆ. ಬೀಜ ಕಟ್ಟಿದ್ದರೆ ಒಳಗೆ ಬಿಳಿ ಮುತ್ತಿನಂಥದ್ದು ಉಬ್ಬಿರಬೇಕು. ಹೆಚ್ಚಿನವುಗಳಲ್ಲಿ ಏನೂ ಇರಲಿಲ್ಲ. ಕೆಲವುಗಳಲ್ಲಿ ಒಂದು. ನಲವತ್ತು ಕಾಯಿ ಸೀಳಿದ ಮೇಲೆ ಸೂಜಿಯನ್ನು ಜೇಬಿಗೆ ಹಾಕಿಕೊಂಡೆ. ಅದೇ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಪಿಂಪಳಗಾಂವ್‌ನಿಂದ ಒಂದು ಫೋಟೋ. ಅಂಗೈ ಮೇಲೆ ಸೀಳಿದ ಕಾಯಿ, ಒಳಗೆ ಐದು. ಕೆಳಗೆ ಸಾಹೇಬರ ಚಪ್ಪಾಳೆಯ ಗುರುತು. ಅಂಗೈ ಅವಳದು, ಗಡ್ಡೆ ನನ್ನದು ಎಂದು ಫೋನಿನ ಮುಂದೆ ಗಟ್ಟಿಯಾಗಿಯೇ ಹೇಳಿದೆ. ಮಾವಶಿ ತಿರುಗಿ ನೋಡಿದರು.

ಎರಡು ದಿನ ಬಿಟ್ಟು ಪಿಂಪಳಗಾಂವ್‌ಗೆ ಹೊರಟೆ. ಸುತ್ತಮುತ್ತ ಬೇರೆ ಈರುಳ್ಳಿ ಹೂ ಇದೆಯೋ ಎಂದು ತಪಾಸಣೆ ಮಾಡಲು ಬರುತ್ತೇನೆಂದು ಅವಳಿಗೆ ಹೇಳಿದ್ದೆ. ನಿಜವಾಗಿ ಹೊರಟದ್ದು, ಆ ಐದು ಬೀಜದ ಕಾಯಿ ಇಡೀ ಹೊಲದಲ್ಲಿ ಒಂದೇ ಇರಲಿ ಎಂಬ ಆಸೆಯಿಂದ. ಯೇವಲಾ ದಾಟುವವರೆಗೂ ಮನಸ್ಸಿನಲ್ಲಿ ಅದೇ ಪ್ರಾರ್ಥನೆ.

ಅವಳ ಹೊಲದ ಸದ್ದು ಕಾರಿನ ಬಾಗಿಲು ತೆಗೆದ ಕೂಡಲೇ ಕೇಳಿತು. ಸುತ್ತ ದ್ರಾಕ್ಷಿ ತೋಟಗಳು, ಪಶ್ಚಿಮಕ್ಕೆ ಗಾಳಿ ತಡೆಯಲು ಬೇವಿನ ಸಾಲು, ನಡುವೆ ಆ ಪ್ಲಾಟು ಗುಂಯ್ ಎನ್ನುತ್ತಿತ್ತು. ನನ್ನ ಹೊಲದ ಮುಂದೆ ಅದು ನೋಡಲು ಗಲೀಜು. ಬದುವಿನ ತುಂಬ ತುಂಬೆ. ಪೈಪಿನ ಒಂದು ಜೋಡಣೆ ಸೋರಿ ಮೊರದಷ್ಟು ಜಾಗ ಕೆಸರಾಗಿತ್ತು, ಕೆಸರಿನ ಅಂಚಿಗೆ ಜೇನುಹುಳಗಳು ಸಾಲಾಗಿ ಕುಳಿತು ನೀರು ಕುಡಿಯುತ್ತಿದ್ದವು. ಬದುವಿನ ಒಂದು ಬದಿ ಮಣ್ಣಿನಲ್ಲಿ ಸಣ್ಣ ಸಣ್ಣ ತೂತುಗಳು, ಯಾರೂ ತುಳಿಯದಿರಲೆಂದು ಸುತ್ತ ಕಡ್ಡಿ ನೆಟ್ಟಿದ್ದಳು.

"ಅವು ಒಂಟಿಯಾಗಿ ಇರೂ ಸಣ್ಣ ಜೇನ್ರಿ ಅಣ್ಣಾರ, ನೆಲದಾಗ ಮನಿ ಮಾಡ್ತಾವ," ಎಂದಳು. "ಪೆಟಿಗಿ ಹುಳಾ ಏಳೂಕಿಂತ ಮೊದಲ ಇವು ಕೆಲಸಕ್ಕ ಹಚ್ಚಿರ್ತಾವ."

ನನ್ನ ಟ್ರ್ಯಾಕ್ಟರ್ ಬದುಗಳ ಮೇಲೆ ಹೋದದ್ದು ನೆನಪಾಯಿತು. ಆಗ ಅಲ್ಲಿ ಎಷ್ಟು ಮನೆಗಳಿದ್ದವೋ ನಾನು ನೋಡಿರಲಿಲ್ಲ.

ಅವಳು ನೋಟ್‌ಬುಕ್ ತೆಗೆದು ತೋರಿಸಿದಳು. ಗಂಟೆಗೆ ಹತ್ತು ನಿಮಿಷ ಒಂದೇ ಗೊಂಡೆಯ ಮುಂದೆ ಕುಳಿತು, ಯಾವ ಹುಳ ಯಾವಾಗ ಬಂತು ಎಂದು ಬರೆದಿದ್ದಳು. ನೆಲದ ಜೇನು ಮೊದಲು. ಬಿಸಿಲೇರಿದ ಮೇಲೆ ಪೆಟ್ಟಿಗೆಯ ಹುಳ. ನಡುಹಗಲ ಸೆಕೆಗೆ ಅವು ಹಿಂದೆ ಸರಿದಾಗ ಕೋಲುಜೇನು. ಸಂಜೆಗೆ ಹೂನೊಣ, ಬರಿಯ ನೊಣ ಕೂಡ.

"ಒಬ್ಬರು ಹ್ವಾದ್ರ ಇನ್ನೊಬ್ಬರು ಬರ್ತಾರ್ರಿ. ನಮ್ಮ ಮನ್ಯಾಗ ಇವರ ಕಾರ್ಖಾನಿ ಪಾಳಿ ಇದ್ದಂಗ. ಹೂನೊಣದ ಮರಿ ಗಿಡದ ಹೇನು ತಿಂತಾವ, ಅದಕ್ಕ ಔಷಧ ಹೊಡಿಯೂದೂ ಕಡಿಮಿ ಆತು. ಬಾಜೂ ದ್ರಾಕ್ಷಿಯವರಿಗೂ ಹೇಳೀನಿ, ಮುಂಜಾನೆ ಹೊಡೀಬ್ಯಾಡ್ರಿ, ಕತ್ತಲಾದ ಮ್ಯಾಲೆ ಹೊಡೀರಿ ಅಂತ. ಅವರೂ ಕೇಳ್ಯಾರ."

ಆಗ ನನ್ನ ಕಣ್ಣು ಸಾಲುಗಳ ನಡುವೆ ಹೋಯಿತು. ಈರುಳ್ಳಿ ದಂಟುಗಳ ಮಧ್ಯೆ ಅಲ್ಲಲ್ಲಿ ಬಿಳಿ ನೊರೆ ಬಿದ್ದಂತೆ ಬೇರೆ ಹೂ.

"ಇದೇನ್ರಿ, ನಡುವ ಕೊತ್ತಂಬರಿ?"

"ಗಡ್ಡಿ ಕೊಳತು ಹ್ವಾದುವಲ್ರಿ," ಎಂದಳು ಅವಳು, ಗೊಂಡೆಯೊಂದನ್ನು ಸರಿಪಡಿಸುತ್ತ. "ನಾಲ್ಕಕ್ಕ ಒಂದು ಜಾಗಾ ಖಾಲಿ. ಖಾಲಿ ನೆಲ ಬಿಟ್ರ ಬಿಸಲಿಗೆ ಕಾಯ್ತತಿ, ತೇವ ಹಾರತತಿ ಅಂತ ನಾಕ ಕಾಳು ಕೊತ್ತಂಬರಿ ಚೆಲ್ಲಿದೆ. ಈಗ ನೋಡ್ರಿ, ಹುಳಾ ಎಲ್ಲಾ ಅದರ ವಾಸನಿಗೆ ಬರ್ತಾವ, ಬಂದವು ಬಾಜೂಕ ಇದ್ದ ಗೊಂಡೆ ಮ್ಯಾಲೂ ಕೂಡ್ತಾವ."

ಕೊಳೆಯಲಿ ಎಂದು ನಾನು ಬಿಟ್ಟ ಗಡ್ಡೆ ಖಾಲಿ ಜಾಗ ಮಾಡಿತ್ತು, ಖಾಲಿ ಜಾಗಕ್ಕೆ ಕೊತ್ತಂಬರಿ ಬಂದಿತ್ತು, ಕೊತ್ತಂಬರಿಗೆ ಹುಳ, ಹುಳದಿಂದ ಆ ಐದು ಬೀಜ. ಅವಳ ಗೆಲುವಿನಲ್ಲಿ ನನ್ನ ಕೈಯೂ ಇತ್ತು, ನಾನು ಇಡಬಾರದ ಕಡೆ ಇಟ್ಟ ಕೈ. ಹದಿನೆಂಟು ವರ್ಷ ನಾನು ಈರುಳ್ಳಿಯನ್ನಷ್ಟೇ ನೋಡಿದ್ದೆ. ಸೋರುವ ಪೈಪು ತುಂಬೆಗೆ ನೀರು, ತುಂಬೆ ಹೂನೊಣಕ್ಕೆ ಆಹಾರ, ಬೇವು ಬಿಸಿಗಾಳಿಗೆ ತಡೆ, ತಡೆಯಿಂದ ಮಕರಂದ ಹಸಿ ಎಂದು ಒಂದಕ್ಕೊಂದು ಕೈ ಹಿಡಿದು ನಿಂತದ್ದನ್ನು ಅವಳು ಎರಡು ವರ್ಷದಲ್ಲಿ ಕಂಡಿದ್ದಳು. ಅದಕ್ಕೂ ಹೊಟ್ಟೆ ಉರಿಯಿತು.

"ನಿಮ್ಮ ಕಡೆ ಗಡ್ಡಿ ಕೊಳೀಲಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದಳು.

"ಇಲ್ಲ. ನಮ್ಮ ಮಣ್ಣು ಬ್ಯಾರೆ," ಎಂದೆ.

ಅವಳು ತಲೆಯಾಡಿಸಿದಳು. ಮಧ್ಯಾಹ್ನ ಮನೆಯಿಂದ ತಂದ ಬುತ್ತಿಯಲ್ಲಿ ಅರ್ಧ ನನಗೆ ಕೊಟ್ಟಳು. ಅದರಲ್ಲಿ ನಮ್ಮ ಕಡೆಯ ಶೇಂಗಾ ಚಟ್ನಿ ಇತ್ತು. ಎರಡು ತುತ್ತು ಬಲವಂತದಿಂದ ಇಳಿಸಿದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ಹೊಲದಲ್ಲಿ ಇನ್ನೂ ಅರ್ಧದಷ್ಟು ಗೊಂಡೆ ಅರಳುವುದಿತ್ತು. ಕೊತ್ತಂಬರಿ ಬಿತ್ತಿ ಹೂವಾಗಲು ಎರಡು ತಿಂಗಳು, ಅಷ್ಟು ದಿನ ಇಲ್ಲ. ಮಾವಶಿಗೆ ಫೋನ್ ಮಾಡಿ, ನಾನು ಎಂದೂ ಮಾಡದ ಕೆಲಸ ಮಾಡಿದೆ, ಏನು ಮಾಡೋಣ ಎಂದು ಕೇಳಿದೆ. ಮಾವಶಿಯ ತಮ್ಮನ ಹೊಲದಲ್ಲಿ ಮಾರಾಟವಾಗದೆ ಹೂ ಬಿಟ್ಟ ಕೊತ್ತಂಬರಿ ಇತ್ತು, ನಾಳೆ ಅದನ್ನು ಉತ್ತುಬಿಡುತ್ತಾರೆ ಎಂದರು. ಮಣ್ಣಿನ ಹೆಂಟೆ ಸಮೇತ ಎತ್ತಿದರೆ ಒಂದು ವಾರವಾದರೂ ಬಾಡುವುದಿಲ್ಲವಂತೆ.

ಮರುದಿನ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಕೊತ್ತಂಬರಿಯನ್ನು ಹೆಂಟೆ ಸಮೇತ ಹೊತ್ತು ತಂದೆವು. ಸಾಲಿಗೆ ನಾಲ್ಕರಂತೆ ಇಟ್ಟು ನೀರು ಹಾಕಿದೆವು. ಬಿಗಿಸಿದ ಪೈಪು ಜೋಡಣೆಗಳನ್ನು ನಾನೇ ಸಡಿಲಿಸಿದೆ, ಕೆಳಗೆ ಗೋಣಿಚೀಲ ಹಾಸಿ ಹಸಿಯಾಗಿಟ್ಟೆ. ಹಳೆಯ ಪೆಟ್ಟಿಗೆಗಳ ಹುಳಕ್ಕೆ ದಾಳಿಂಬೆಯ ದಾರಿ ರೂಢಿಯಾಗಿತ್ತು. ಜೇನುಪೆಟ್ಟಿಗೆಯವರು ಅವನ್ನು ಒಯ್ದು ದೂರದಿಂದ ಬೇರೆ ಪೆಟ್ಟಿಗೆ ತಂದರು. ಊರು ಗೊತ್ತಿಲ್ಲದ ಹುಳ ಮೊದಲು ಮನೆ ಎದುರಿನ ಹೂವಿಗೇ ಹೋಗುತ್ತದೆ ಎಂದರು. ಸಾಲದ್ದಕ್ಕೆ ದಿನಾ ಹತ್ತು ಗಂಟೆಗೆ ನಾನೂ ಮಾವಶಿಯೂ ಎರಡು ಸಾಲಿನ ನಡುವೆ ನಡೆಯುತ್ತ, ಮಕ್ಕಳ ತಲೆ ಸವರಿದ ಹಾಗೆ ಅಂಗೈಯಿಂದ ಗೊಂಡೆಗಳನ್ನು ಸವರಿ ಪರಾಗ ದಾಟಿಸಿದೆವು. ಸಂಜೆ ಅಂಗೈಯಿಂದ ಈರುಳ್ಳಿ ವಾಸನೆ ಹೋಗುತ್ತಿರಲಿಲ್ಲ. ಕೈಯಿಂದ ಮಾಡಿದಾಗ ಗೊತ್ತಾಯಿತು, ಅದು ಎಂಥ ದೊಡ್ಡ ಕೆಲಸವೆಂದು. ಒಂದು ಗೊಂಡೆಯ ಹೂಗಳೆಲ್ಲ ಸಿದ್ಧವಾಗಲು ಎರಡು ಮೂರು ವಾರ, ಅಷ್ಟೂ ದಿನ ಯಾರಾದರೂ ಬರುತ್ತಲೇ ಇರಬೇಕು.

ಕೊನೆಗೆ ಅರಳಿದ ಗೊಂಡೆಗಳಲ್ಲಿ ಮೂರು, ನಾಲ್ಕು ಬೀಜ ಕಟ್ಟಿದವು. ಮೊದಲಿನವು ಹೊಟ್ಟಾಗಿಯೇ ಉಳಿದವು.

ಏಪ್ರಿಲ್ ಕೊನೆಗೆ ಬೀಜ ಒಣಗಿಸಿ, ತೂರಿ, ಎರಡೂ ಕಡೆಯದನ್ನು ನಾಸಿಕ್‌ಗೆ ಒಯ್ದೆವು. ಸಾಹೇಬರ ಕೋಣೆಯಲ್ಲಿ ಮೇಜಿನ ಮೇಲೆ ಎರಡು ಬಟ್ಟೆ ಚೀಲ, ಒಂದೊಂದರ ಮುಂದೆ ಒಬ್ಬೊಬ್ಬರು ನಾವು. ಗಿಡ ಕಡಿಮೆಯಿದ್ದರೂ ಅವಳ ಚೀಲ ದಪ್ಪವಾಗಿತ್ತು. ನಾನು ಸೋಲನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದೆ. ಆದರೆ ಸಾಹೇಬರು ಬೇರೆ ಹಾದಿ ಹಿಡಿದರು.

ಹುಳಗಳ ವ್ಯವಸ್ಥೆ ಚೆನ್ನಾಗಿದೆ, ಅದನ್ನು ಶೇಂದ್ರಾದಲ್ಲೂ ಮಾಡಬಹುದು ಎಂದರು. ಆದರೆ ಪಿಂಪಳಗಾಂವ್‌ನ ಮಣ್ಣಿನಲ್ಲಿ ನಾಲ್ಕಕ್ಕೆ ಒಂದು ಗಡ್ಡೆ ಕೊಳೆತಿದೆ, ಸಂಭಾಜಿನಗರದಲ್ಲಿ ಒಂದೂ ಕೊಳೆತಿಲ್ಲ. ಹೂವಿಗೆ ಹುಳ ತರಬಹುದು, ಮಣ್ಣು ಬದಲಿಸಲು ಬರುವುದಿಲ್ಲ. ಇಷ್ಟು ಅಪರೂಪದ ಗಡ್ಡೆಯನ್ನು ಕೊಳೆಯುವ ನೆಲಕ್ಕೆ ಹಾಕುವುದು ಸರಿಯಲ್ಲ. ಹಾಗಾಗಿ ತಳಿ ಸಂಭಾಜಿನಗರದಲ್ಲಿಯೇ ಇರಲಿ ಎಂದು ಹೇಳಿ ಪೆನ್ನು ತೆಗೆದರು.

ಎಂಟು ವರ್ಷದ ನನ್ನ ತಳಿ ನನಗೇ ಉಳಿಯುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ನನಗೆ ರೂಢಿಯೂ ಇತ್ತು. ಅವಳ ಕಡೆ ನೋಡಿದೆ. ಅವಳು ಮೇಜಿನ ಮೇಲೆ ಬಿದ್ದ ಒಂದು ಬೀಜವನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡುತ್ತಿದ್ದಳು. ನನ್ನ ಪರವಾಗಿಯೂ ಮಾತಾಡಲಿಲ್ಲ, ತನ್ನ ಪರವಾಗಿಯೂ ಮಾತಾಡಲಿಲ್ಲ.

ನಾನು ಒಳ್ಳೆಯವನಾಗಿ ಮಾತಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ನೆನಪಾದದ್ದು ನಲವತ್ತು ಕಾಯಿ ಸೀಳಿದ ಆ ಮಧ್ಯಾಹ್ನ. ಖಾಲಿ ಕಾಯಿ ಕೈಯಲ್ಲಿ ಹಿಡಿದವನಿಗೆ ಅದರ ಹಗುರ ಗೊತ್ತು. ಹೀಗೆ ಗೆದ್ದರೆ ಮುಂದಿನ ಪ್ರತಿ ಫೆಬ್ರವರಿಯಲ್ಲಿ ನಾನು ಅದನ್ನೇ ಹಿಡಿದು ನಿಲ್ಲಬೇಕಾಗುತ್ತಿತ್ತು.

"ಸರ್, ಮಣ್ಣಿನ ತಪ್ಪಲ್ಲ," ಎಂದು ಹಿಂದಿಯಲ್ಲಿ ಹೇಳಿದೆ. "ಈ ಗಡ್ಡೆಯ ತಲೆ ಕತ್ತರಿಸಿದರೆ ಕೊಳೆಯುತ್ತದೆ. ನನಗೆ ಗೊತ್ತಿತ್ತು. ಇವರು ಕೇಳಿದಾಗ ನಾನು ಹೇಳಲಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಯಾಕೆ ಎಂದು ಕೇಳಿದರು. ತಳಿ ಇವರ ಪಾಲಾಗಬಾರದು ಎಂದು, ಎಂದೆ. ಅವರು ಎರಡೂ ಚೀಲಗಳನ್ನು ಅವಳ ಮುಂದೆ ಸರಿಸಿದರು. ಮುಂದಿನ ನಾಟಿಗೆಂದು ಶೆಡ್ಡಿನಲ್ಲಿ ಕೂಡಿಟ್ಟ ಗಡ್ಡೆಗಳನ್ನೂ ಅಕ್ಟೋಬರ್‌ನಲ್ಲಿ ನೀವೇ ಪಿಂಪಳಗಾಂವ್‌ಗೆ ಮುಟ್ಟಿಸಿ ಎಂದು ನನಗೆ ಹೇಳಿದರು.

ಹೊರಗೆ ಚಹಾದ ಗಾಡಿಯ ಬಳಿ ಅವಳು ನನ್ನ ಕೈಗೂ ಒಂದು ಗ್ಲಾಸು ಕೊಟ್ಟಳು. ಊದಿ ಊದಿ ಕುಡಿದೆ.

"ನನಗ ಗೊತ್ತಿತ್ರಿ ಅಣ್ಣಾರ," ಎಂದಳು.

"ಯಾವಾಗಿಂದ?"

"ದೀಪಾವಳಿ ಆದ ಮ್ಯಾಲೆ ನೀವು ಫೋಟೋ ಹಾಕಿದ್ರಲ್ಲ, ಅದನ್ನ ದೊಡ್ಡದು ಮಾಡಿ ನೋಡಿದೆ. ನಿಮ್ಮ ಗಡ್ಡಿ ಎಲ್ಲಾ ಇಡೀ ಇದ್ದುವು. ಅವತ್ತ ತಿಳೀತು. ಒಂದು ತಿಂಗಳು ನಿಮ್ಮ ಕೂಡ ಮಾತು ಬಿಟ್ಟಿದ್ದೆ. ನೀವು ಮೊದಲ ಫೋನ್ ಮಾಡೋರಲ್ಲ, ನಿಮಗ ಗೊತ್ತ ಆಗ್ಲಿಲ್ಲ."

"ಮತ್ತ ಫೆಬ್ರುವರಿಯೊಳಗ ಎಲ್ಲಾ ತೋರ್ಸಿದ್ರಿ. ಬುತ್ತಿ ಕೊಟ್ರಿ."

"ಹೊಲಕ್ಕ ಬಂದವರಿಗೆ ತೋರ್ಸಲಾರದ ಇರಾಕ ಆಗತೈತೇನ್ರಿ?" ಅವಳು ಗ್ಲಾಸು ಗಾಡಿಯ ಮೇಲಿಟ್ಟಳು. "ಇವತ್ತ ಒಳಗ ಮಾತ್ರ ನಾನೂ ಬಾಯಿ ಬಿಡಲಿಲ್ಲ. ನೀವ ಹೇಳ್ತೀರೋ ಇಲ್ಲೋ ನೋಡಬೇಕಿತ್ತು."

ಅಲ್ಲಿಯವರೆಗೆ ನಾನು ಅವಳ ನೋಟ್‌ಬುಕ್ಕಿಗೆ, ಅವಳ ಹೊಲಕ್ಕೆ, ಅವಳ ಐದು ಬೀಜಕ್ಕೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅಂದು ಅವಳು ಅಷ್ಟು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ಇದ್ದದ್ದಕ್ಕೆ ಪಟ್ಟೆ. ಅದು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಈಗಲೂ ಪೂರ್ತಿ ಆರಿಲ್ಲ.

ಈ ಅಕ್ಟೋಬರ್‌ನಲ್ಲಿ ಆ ಕೂಡಿಟ್ಟ ಗಡ್ಡೆಗಳನ್ನೆಲ್ಲ ಕಾರಿನಲ್ಲಿ ಹೇರಿಕೊಂಡು ಪಿಂಪಳಗಾಂವ್‌ಗೆ ಹೋದೆ. ಆ ಗಡ್ಡೆಗಳ ಮೇಲೆ ಮಾವಶಿಗೂ ನನ್ನಷ್ಟೇ ಹಕ್ಕು, ಅವರನ್ನೂ ಕರೆದುಕೊಂಡು ಹೋದೆ. ಈ ಸಲ ಒಂದು ಗಡ್ಡೆಯ ತಲೆಯನ್ನೂ ಕತ್ತರಿಸಲಿಲ್ಲ, ಕೊಳೆಯುವ ಭಯವೂ ಇರಲಿಲ್ಲ. ಆದರೂ ಅವಳು ಹಗ್ಗಕ್ಕೆ ಗಂಟು ಕಟ್ಟಿ ಸಾಲಿಗೆ ಎಳೆದು, ಮೂರು ಗಂಟಿಗೆ ಗಡ್ಡೆ, ನಾಲ್ಕನೆಯ ಗಂಟಿಗೆ ಏನೂ ಬೇಡ ಎಂದು ಹೆಂಗಸರಿಗೆ ಹೇಳಿಕೊಟ್ಟಳು. ಡಿಸೆಂಬರ್‌ನಲ್ಲಿ ಅಲ್ಲಿ ಕೊತ್ತಂಬರಿ ಬೀಳಬೇಕು. ಕಂಪನಿಯ ನೆಡುವ ಪಟ್ಟಿಯಲ್ಲಿ ಈಗ ಹಾಗೆಯೇ ಅಚ್ಚಾಗಿದೆ.

ಮಾವಶಿ ಮೂರು ನೆಟ್ಟರು, ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಖಾಲಿ ಮಣ್ಣು ನೋಡುತ್ತ ಕುಳಿತರು. ಇಷ್ಟು ವರ್ಷ ಒಂದು ಗಡ್ಡೆಯ ಜಾಗವನ್ನೂ ಬಿಡದ ಕೈ ಅದು. ಈ ಜಾಗ ಯಾಕೆ ಖಾಲಿ, ನಾಲ್ಕಕ್ಕೆ ಒಂದು ಎಂದು ಮೊದಲು ಲೆಕ್ಕ ಮಾಡಿದವರು ಯಾರು ಎಂದು ಮರಾಠಿಯಲ್ಲಿ ಅವಳನ್ನೇ ಕೇಳಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತಲೆಯೆತ್ತಿದರು.

ಅವಳು ಹಗ್ಗದ ಆ ತುದಿಯಿಂದ ನನ್ನ ಕಡೆ ನೋಡಿ, "ಅಣ್ಣಾರ, ನೀವ ಹೇಳ್ರಿ," ಎಂದಳು.

"ಮೀ ಸಾಂಗಿತಲಂ ನಾಹೀ, ಮ್ಹಣೂನ್," ಎಂದೆ. ನಾನು ಹೇಳಲಿಲ್ಲ, ಅದಕ್ಕೆ.

ಮಾವಶಿ ನನ್ನ ಮುಖವನ್ನೊಮ್ಮೆ ನೋಡಿದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಕೈಯಲ್ಲಿದ್ದ ಗಡ್ಡೆಯನ್ನು ಖಾಲಿ ಜಾಗ ದಾಟಿಸಿ, ಐದನೆಯ ಗಂಟಿನ ಬಳಿ ನೆಟ್ಟರು.